ರಿಪೋರ್ಟ್ ಚೆನ್ನಾಗಿದೆ, ಆದ್ರೂ ಅವಳು ಯಾಕೆ ಏಳ್ತಿಲ್ಲ?

ಪ್ರಶ್ನೆ: ಗೋಣಿಕೊಪ್ಪ ಹತ್ರ ನಮ್ಮದು ಸಣ್ಣ ಕಾಫಿ ತೋಟ. ಹೆಂಡತಿಗೆ 34 ವರ್ಷ, ಒಬ್ಬ ಮಗ ಇದಾನೆ. ಮೂರು ವರ್ಷದ ಹಿಂದೆ ಅವಳಿಗೆ ಲೂಪಸ್ ಅಂತ ಗೊತ್ತಾಯ್ತು. ಈಗ ಕೀಲುನೋವು, ಮುಖದ ಕೆಂಪು ಎಲ್ಲ ಕಮ್ಮಿಯಾಗಿದೆ, ಮೈಸೂರಿನ ಡಾಕ್ಟ್ರು ಕಂಟ್ರೋಲಲ್ಲಿದೆ ಅಂದ್ರು. ಆದ್ರೆ ಸುಸ್ತು ಅಂತ ದಿನಾ ಮಲಗ್ತಾಳೆ. ಹೋದ ತಿಂಗಳು ನಾಪೋಕ್ಲಲ್ಲಿ ನೆಂಟರ ಮದುವೆ ಇತ್ತು, ಇಡೀ ದಿನ ನಗ್ತಾ ಓಡಾಡ್ಕೊಂಡಿದ್ದವಳು ಮಾರನೇ ದಿನದಿಂದ ನಾಲ್ಕು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ. ಈಗ ರೊಬಸ್ಟಾ ಕುಯ್ಲು ಶುರುವಾಗಿದೆ, ಅಮ್ಮ ಒಬ್ರೇ ಒದ್ದಾಡ್ತಿದ್ದಾರೆ, "ಮದುವೆಗೆ ಹೋಗೋ ಶಕ್ತಿ ಮನೆಕೆಲಸಕ್ಕೆ ಬರಲ್ವಾ" ಅಂತಾರೆ. ನಿಜ ಹೇಳ್ಬೇಕಂದ್ರೆ ನಂಗೂ ಡೌಟು ಬರುತ್ತೆ, ಡೌಟು ಬಂದಿದ್ದಕ್ಕೆ ನಾಚಿಕೆನೂ ಆಗುತ್ತೆ. ಇದನ್ನ ಅವಳಿಗೆ ಹೇಳ್ಲಾ, ಬೇಡ್ವಾ?

ಉತ್ತರ: ಡೌಟು ಬಂತು ಅಂತ ಒಪ್ಕೊಂಡು ಬರ್ದಿದ್ದೀರಲ್ಲ, ತುಂಬ ಜನ ಗಂಡಂದಿರು ಅಷ್ಟೂ ಮಾಡಲ್ಲ. ಮೊದಲು ಆ ಮದುವೆ ವಿಷಯ ತಗೊಳ್ತೀನಿ, ನಿಮ್ಮ ಮನೆಯ ಜಗಳ ಪೂರ್ತಿ ನಿಂತಿರೋದೇ ಅದರ ಮೇಲೆ.

ನಿಮ್ಮ ಮನೆಯಲ್ಲಿ ಇನ್ವರ್ಟರ್ ಇರ್ಬೇಕು, ಕೊಡಗಲ್ಲಿ ಮಳೆಗಾಲ ಅದಿಲ್ಲದೆ ಕಳೆಯೋಕಾಗಲ್ಲ. ಬ್ಯಾಟರಿ ಹಳೇದಾದ್ಮೇಲೆ ಏನಾಗುತ್ತೆ ನೋಡಿದ್ದೀರಲ್ಲ, ಹಸಿರು ಲೈಟ್ ಉರೀತಾ ಇರುತ್ತೆ, ಎಲ್ಲ ಸರಿ ಇದೆ ಅಂತ ನಾಲ್ಕು ಲೈಟು ಒಂದು ಟಿವಿ ಹಾಕ್ತೀವಿ, ಅರ್ಧ ಗಂಟೇಲಿ ಟಪ್ ಅಂತ ಆಫ್, ಆಮೇಲೆ ಕರೆಂಟ್ ಬಂದ್ರೂ ಚಾರ್ಜ್ ಆಗೋಕೆ ಇಡೀ ದಿನ ಬೇಕು. ನಿಮ್ಮ ಹೆಂಡತಿ ಮದುವೆಗೆ ಹೋಗಿದ್ದು ಹಾಗೆ. ಆ ದಿನ ನಕ್ಕಿದ್ದೂ ನಿಜ, ಆಮೇಲಿನ ನಾಲ್ಕು ದಿನಾನೂ ನಿಜ. ಅಮ್ಮ ಯಾವುದನ್ನ ನಾಟಕ ಅನ್ನೋದಕ್ಕೆ ಸಾಕ್ಷಿ ಅಂತಿದ್ದಾರೋ ಅದೇ ಈ ಕಾಯಿಲೆ ಹೇಗಿರುತ್ತೆ ಅನ್ನೋದಕ್ಕೆ ಸಾಕ್ಷಿ. ನಾಟಕ ಮಾಡೋರು ಯಾರೂ ಎಲ್ಲರ ಮುಂದೆ ನಗ್ತಾ ಓಡಾಡಿ ಆಮೇಲೆ ಬಾಗಿಲು ಹಾಕ್ಕೊಂಡು ಮಲಗಲ್ಲ.

ಲೂಪಸ್ ಅಂದ್ರೆ ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈ ಮೇಲೇ ತಿರುಗಿ ಬೀಳೋದು. ಜ್ವರ ಬಂದಾಗ ಕೈ ಎತ್ತೋಕೂ ಬೇಡ ಅನ್ಸುತ್ತಲ್ಲ, ಆ ಸುಸ್ತು ಬರೋದು ವೈರಸ್ಸಿಂದ ಮಾತ್ರ ಅಲ್ಲ, ಅದರ ಜೊತೆ ಹೋರಾಡೋಕೆ ನಮ್ಮ ಮೈಯೇ ಬಿಡೋ ರಾಸಾಯನಿಕಗಳಿಂದ. ಲೂಪಸ್ಸಲ್ಲಿ ಶತ್ರು ಇಲ್ದಿದ್ರೂ ಆ ಹೋರಾಟ ನಡೀತಾ ಇರುತ್ತೆ. ಮೂತ್ರದ ಪ್ರೋಟೀನ್, ರಕ್ತದ ಸಿ3, ಸಿ4 (ಲೂಪಸ್ ಎಷ್ಟು ಜೋರಾಗಿದೆ ಅಂತ ನೋಡೋ ಪರೀಕ್ಷೆಗಳು) ಎಲ್ಲ ಸರಿಯಿದ್ರೂ ಸುಸ್ತು ಉಳಿಯೋದು ಬಹಳ ಜನಕ್ಕೆ ಇದೆ. ರಕ್ತ ಪರೀಕ್ಷೆಯಲ್ಲಿ ಸುಸ್ತನ್ನ ಅಳೆಯೋ ಕಾಲಮ್ಮೇ ಇಲ್ಲ. ಲೂಪಸ್ ಬರೋ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದಕ್ಕೇ ಇರ್ಬೇಕು ಈ ಸುಸ್ತು ಆಸ್ಪತ್ರೆಗಿಂತ ಮೊದಲು ಅಡುಗೆಮನೆಯಲ್ಲಿ ಸೋಮಾರಿತನ ಅಂತ ಹೆಸರು ಪಡೆಯೋದು. ನಂಗೆ ಇದು ನಿಜವಾಗ್ಲೂ ಸಂಕಟ ಆಗುತ್ತೆ.

ಹಾಗಂತ ಲೂಪಸ್ ಅಲ್ವಾ ಸುಸ್ತು ಇರೋದೇ ಅಂತ ಬಿಟ್ಟುಬಿಡ್ಬೇಡಿ. ಅದ್ರ ಹಿಂದೆ ಸರಿಮಾಡೋಕಾಗೋ ಬೇರೆ ಕಾರಣಾನೂ ಅಡಗಿರಬಹುದು. ರಕ್ತ ಕಮ್ಮಿ ಇರಬಹುದು, ಥೈರಾಯ್ಡ್ ಇರಬಹುದು (ಲೂಪಸ್ ಇರೋರಲ್ಲಿ ಅದು ಬೇರೆಯವರಿಗಿಂತ ಜಾಸ್ತಿ), ಬಿಸಿಲು ತಪ್ಪಿಸಿ ತಪ್ಪಿಸಿ ವಿಟಮಿನ್ ಡಿ ಕಮ್ಮಿಯಾಗಿರಬಹುದು. ಸ್ಟೀರಾಯ್ಡ್ ತಗೊಳ್ತಿದ್ರೆ ರಾತ್ರಿ ನಿದ್ದೆ ಕೆಡುತ್ತೆ, ಜಾಸ್ತಿ ದಿನ ತಗೊಂಡ್ರೆ ತೊಡೆ, ಭುಜದ ಬಲಾನೂ ಕುಗ್ಗುತ್ತೆ, ಯಾವ ಹೊತ್ತಲ್ಲಿ ತಗೊಳ್ಬೇಕು ಅಂತ ಡಾಕ್ಟ್ರನ್ನ ಕೇಳಿ, ಆದ್ರೆ ನೀವಾಗಿ ಒಂದು ದಿನಾನೂ ನಿಲ್ಲಿಸ್ಬೇಡಿ, ತಟ್ಟನೆ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ ಆಗಬಹುದು. ಲೂಪಸ್ಸಿಗೆ ಸಾಮಾನ್ಯವಾಗಿ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆನೂ ನೀವಾಗಿ ನಿಲ್ಲಿಸ್ಬೇಡಿ, ಚೆನ್ನಾಗಿದೀನಿ ಅಂತ ಬಿಟ್ಟವರಿಗೆ ಕಾಯಿಲೆ ಮತ್ತೆ ಕೆರಳೋದು ಜಾಸ್ತಿ. ಇನ್ನು ಮನಸ್ಸು. ಮೂರು ವರ್ಷದಿಂದ ಸೋಮಾರಿ ಅನ್ನಿಸ್ಕೊಂಡು ಬದುಕೋರ ಮನಸ್ಸು ಹೇಗಿರುತ್ತೆ ಹೇಳಿ. ಅವಳಿಗೆ ಏನೂ ಬೇಡ ಅನ್ಸ್ತಿದೆಯಾ ಅಂತ ಮೆಲ್ಲಗೆ ಕೇಳಿ, ಹೂಂ ಅಂದ್ರೆ ಡಾಕ್ಟ್ರಿಗೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಇಲ್ಲ.

ಮೈಸೂರಿಗೆ ಹೋಗೋ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಎಷ್ಟು ಹೊತ್ತಿಗೆ ಎದ್ಲು, ಏನು ಮಾಡಿದ್ಲು, ಯಾವಾಗ ಬಿದ್ದುಹೋದ್ಲು ಅಂತ. ಹೇಗಿದೀರಾ ಅಂದ್ರೆ ಪರವಾಗಿಲ್ಲ ಅಂತ ಹೇಳಿ ಎದ್ದುಬರೋದು ನಮ್ಮ ಹೆಂಗಸರ ಅಭ್ಯಾಸ, ಅಷ್ಟು ದೂರ ಬಸ್ಸಲ್ಲಿ ಕೂತು ಹೋಗಿ ಐದು ನಿಮಿಷದಲ್ಲಿ ವಾಪಸ್. ನೋಟ್‌ಬುಕ್ ಇದ್ರೆ ಡಾಕ್ಟ್ರು ಅದನ್ನ ನೋಡಿ ಕೇಳ್ತಾರೆ. ಜ್ವರ, ಕಾಲು ಊತ, ನೊರೆ ನೊರೆ ಮೂತ್ರ, ಎದೆನೋವು, ಏದುಸಿರು ಇದ್ರೆ ಮಾತ್ರ ಎರಡು ವಾರ ಅಂತೆಲ್ಲ ಕಾಯ್ಬೇಡಿ, ಅವತ್ತೇ ಕರ್ಕೊಂಡು ಹೋಗಿ.

ಈಗ ಕುಯ್ಲು. ಅವಳನ್ನ ಮಧ್ಯಾಹ್ನ ಕಣದಲ್ಲಿ ಕಾಫಿ ಕೆದಕೋಕೆ ಕಳಿಸ್ಬೇಡಿ, ಬಿಸಿಲಿಗೆ ಲೂಪಸ್ ಕೆರಳುತ್ತೆ. ಮೋಡ ಇದೆ, ಮಂಜಿದೆ ಅಂತ ನಂಬೋಕೂ ಆಗಲ್ಲ, ಕೆರಳಿಸೋದು ಬಿಸಿಲಿನ ಅತಿನೇರಳೆ (ಯುವಿ) ಕಿರಣ, ಅದು ಮೋಡ ದಾಟಿ ಬರುತ್ತೆ. ಪೂರ್ತಿ ಮಲಗಿಸೋದೂ ಒಳ್ಳೇದಲ್ಲ, ದಿನಾ ಮಲಗಿದ್ರೆ ಇರೋ ಬಲಾನೂ ಇಳಿಯುತ್ತೆ. ಬೆಳಿಗ್ಗೆ ಹತ್ತು ನಿಮಿಷ ನಡೀಲಿ, ಅಂಗಳದಲ್ಲೇ ಸಾಕು, ನಿಮ್ಮ ಕಡೆ ಆ ಹೊತ್ತಲ್ಲಿ ತೋಟದ ದಾರಿಯಲ್ಲಿ ಆನೆ ಭಯ ಬೇರೆ. ಮಾರನೇ ದಿನ ಬೀಳದಷ್ಟು ಮಾತ್ರ ಮಾಡ್ಲಿ, ಚೆನ್ನಾಗಿರೋ ದಿನ ಎಲ್ಲ ಕೆಲಸ ಒಟ್ಟಿಗೆ ಮುಗಿಸೋಕೆ ಹೊರಟ್ರೆ ನೀವೇ ತಡೀರಿ. ಕೂತು ಮಾಡೋ ಕೆಲಸ ಇದೆಯಲ್ಲ, ಆಳುಗಳ ಲೆಕ್ಕ, ವಾರದ ಬಟವಾಡೆ, ಅದು ಅವಳ ಕೈಯಲ್ಲಿರ್ಲಿ, ಮನೆಗೆ ಬೇಕಾದವಳು ಅನ್ನೋದು ಅವಳಿಗೂ ಬೇಕು. ಅಡುಗೆಗೆ ಎರಡು ತಿಂಗಳು ಯಾರನ್ನಾದ್ರೂ ಇಟ್ಕೊಳ್ಳಿ. ಆಳು ಸಿಗಲ್ಲ ಅಂತೀರಿ, ಗೊತ್ತು, ಹಾಗಾದ್ರೆ ನೀವು ಬೆಳಿಗ್ಗೆ ಒಂದು ಗಂಟೆ ಅಡುಗೆಮನೆಗೆ ಬನ್ನಿ.

ಅಮ್ಮನ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೂ ವಯಸ್ಸಾಯ್ತು, ಅವರಿಗೂ ಸುಸ್ತಾಗುತ್ತೆ, ಅವರ ಸುಸ್ತನ್ನ ಆ ಮನೆಯಲ್ಲಿ ಯಾರಾದ್ರೂ ಕೇಳಿದ್ದೀರಾ? ಮೊದಲು ಅದನ್ನ ಕೇಳಿ. ಮುಂದಿನ ಸಲ ಮೈಸೂರಿಗೆ ಅವರನ್ನೂ ಕರ್ಕೊಂಡು ಹೋಗಿ, ಮಗ ನೂರು ಸಲ ಹೇಳೋದಕ್ಕಿಂತ ಡಾಕ್ಟ್ರ ಬಾಯಲ್ಲಿ ಒಂದು ಸಲ ಕೇಳಿದ್ರೆ ಬೇರೆ.

ಡೌಟು ಬಂದಿತ್ತು ಅಂತ ಹೆಂಡತಿಗೆ ಹೇಳ್ಬೇಕಾ? ಬೇಡ. ಅವಳಿಗೆ ಗೊತ್ತಿದೆ. ಮಲಗಿರೋರಿಗೆ ಪಾತ್ರೆ ಜೋರಾಗಿ ಇಡೋ ಸದ್ದೂ ಕೇಳ್ಸುತ್ತೆ, ನೀವು ಬಾಗಿಲ ತನಕ ಬಂದು ಮಾತಾಡದೆ ವಾಪಸ್ ಹೋಗಿದ್ದೂ ಕೇಳ್ಸುತ್ತೆ. ನಿಮ್ಮ ಮನಸ್ಸು ಹಗುರ ಆಗೋಕೆ ಅದನ್ನ ಬಾಯಿಬಿಟ್ಟು ಹೇಳಿದ್ರೆ ಆ ಭಾರಾನೂ ಅವಳೇ ಹೊರ್ಬೇಕಾಗುತ್ತೆ. ಇವತ್ತು ರಾತ್ರಿ ಪಕ್ಕದಲ್ಲಿ ಕೂತು "ಇವತ್ತು ಬ್ಯಾಟರಿ ಎಷ್ಟಿದೆ" ಅಂತ ಕೇಳಿ. ನಾಳೆ ಯಾವ ಕೆಲಸ ಆಗಲ್ಲ ಅಂತಾಳೋ, ಅದನ್ನ ಬೆಳಿಗ್ಗೆ ಅಮ್ಮನಿಗೆ ನೀವೇ ಹೇಳಿ, ಅವಳ ಬಾಯಲ್ಲಿ ಹೇಳಿಸ್ಬೇಡಿ.