ತಲಪಾಡಿ ದಾಟುವವರಿಗೆ ಎರಡು ಸರ್ಕಾರದ ಪೊಲೀಸ್

ರೋಗ ತಡೆಯುವ ಸರ್ಕಾರಿ ಆದೇಶ ಬಂದಾಗ ನಿಮ್ಮಲ್ಲಿ ಪೊಲೀಸ್ರು ಹೇಗೆ ನಡ್ಕೊಳ್ತಾರೆ ಅಂತ ಕೇಳುವವರುಂಟು, ಮಂಜೇಶ್ವರ ಕಡೆಯವರಿಗೆ ಇದಕ್ಕೆ ಒಂದು ಉತ್ತರ ಸಾಕಾಗುದಿಲ್ಲ ಮಾರಾಯ್ರೆ. ನಮ್ಮ ಜಿಲ್ಲೆ ಕೇರಳದ ಕಾಸರಗೋಡು, ಆದ್ರೆ ಆಸ್ಪತ್ರೆ, ಕಾಲೇಜು, ಕೆಲಸ ಹೆಚ್ಚಿನವರಿಗೆ ಮಂಗಳೂರಲ್ಲೇ. ಎರಡು ರಾಜ್ಯದ ಗಡಿ ಇರುವ ತಲಪಾಡಿಯಲ್ಲಿ ಒಂದೇ ಹೈವೇ, ಆಚೆ ಈಚೆ ಬೇರೆ ಬೇರೆ ಆದೇಶ ಹಿಡ್ಕೊಂಡ ಪೊಲೀಸ್ರು.

ಕೊರೊನಾ ಟೈಮಲ್ಲಿ ಕೇರಳ ಪೊಲೀಸ್ರು ಇಲ್ಲಿ ಟ್ರಿಪಲ್ ಲಾಕ್, ಅಂದ್ರೆ ಮೂರು ಹಂತದ ಬಿಗಿ ಲಾಕ್‌ಡೌನ್ ಹಾಕಿದ್ರು, ಡ್ರೋನ್ ಬಿಟ್ರು, ಕ್ವಾರಂಟೈನಲ್ಲಿ ಇದ್ದವರ ಮನೆಗೆ ಬಂದು ನೋಡ್ತಿದ್ರು, ಹಾಗೆಯೇ ಮದ್ದು, ಸಾಮಾನು ತಲುಪಿಸಿದ್ದೂ ಉಂಟು. 2020ರ ಆಗಸ್ಟಲ್ಲಿ ಯಾರು ಯಾರ ಸಂಪರ್ಕಕ್ಕೆ ಬಂದ್ರು ಅಂತ ಹುಡುಕುವ ಕೆಲಸವನ್ನೂ ಕೇರಳ ಸರ್ಕಾರ ಪೊಲೀಸ್ರಿಗೇ ಕೊಟ್ಟಿತು, ಡಾಕ್ಟರ್ ಸಂಘದವರು ಅದಕ್ಕೆ ಒಪ್ಪಲಿಲ್ಲ, ನನ್ನ ಪ್ರಕಾರ ಡಾಕ್ಟರ್‌ಗಳದ್ದೇ ಸರಿ, ಯಾಕಂದ್ರೆ ಖಾಕಿ ಮನೆ ಬಾಗಿಲಿಗೆ ಬಂದ್ರೆ ಜನ ಜ್ವರವನ್ನೇ ಮುಚ್ಚಿಡ್ತಾರೆ. ಕರ್ನಾಟಕದ ಕಡೆ ಆಗ ಕ್ವಾರಂಟೈನಲ್ಲಿ ಇದ್ದವರ ಕೈಗೆ ಸೀಲ್, ಮೊಬೈಲಲ್ಲಿ ಗಂಟೆಗೊಂದು ಸೆಲ್ಫಿ ಕಳಿಸ್ಬೇಕಿತ್ತು.

ನಮಗೆ ಮರೀಲಿಕ್ಕೆ ಆಗದ್ದು 2020ರ ಮಾರ್ಚ್. ಕರ್ನಾಟಕ ಗಡಿ ಬಂದ್ ಮಾಡಿತು, ಒಳರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ತಂದು ಹಾಕಿದ್ರು, ಆಂಬ್ಯುಲೆನ್ಸ್‌ನ್ನೂ ವಾಪಸ್ ಕಳಿಸಿದ್ರು, ಮಂಗಳೂರಿಗೆ ಹೋಗ್ಲಿಕ್ಕಾಗದೆ ತೀರಿಕೊಂಡ ರೋಗಿಗಳಿದ್ದಾರೆ. ಮಂಗಳೂರು ಹತ್ರದ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು ತಲಪಾಡಿಯಿಂದ ಎಷ್ಟು ಮಹಾ ದೂರ ಹೇಳಿ? ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲಲ್ಲಿ ರೋಗಿಗಳನ್ನು ಬಿಡ್ಲಿಕ್ಕೆ ಒಂದು ಕ್ರಮ ಆಯ್ತು, ಚೆಕ್‌ಪೋಸ್ಟಲ್ಲಿ ಡಾಕ್ಟರ್ ನೋಡಿ ಬಿಡುದು ಅಂತ. ಆ ಡಾಕ್ಟರ್ ಮೊದಲ ದಿನವೇ ಅಲ್ಲಿ ಕೂತಿರಬೇಕಿತ್ತು. ಯಾರ ಎದೆನೋವು ನಿಜ ಅಂತ ಕಾನ್‌ಸ್ಟೇಬಲ್ ಹೇಗೆ ಹೇಳ್ತಾರೆ, ಬಿಟ್ರೆ ಮೇಲಿನವರ ಬೈಗುಳ, ಬಿಡದಿದ್ರೆ ಒಂದು ಜೀವ. ಅವರ ಮೇಲೆ ಸಿಟ್ಟು ಬಂದದ್ದು ಹೌದು, ಆದ್ರೆ ಆದೇಶ ಬರೆದವರಿಗೆ ನಮ್ಮ ಊರು ಗೊತ್ತಿರಲಿಲ್ಲ ಅಂತಲೇ ನನಗೆ ಕಾಣುದು.

2021ರ ಫೆಬ್ರವರಿಯಲ್ಲಿ ಕರ್ನಾಟಕದ ಇನ್ನೊಂದು ಆದೇಶ ಬಂತು, ಕೇರಳದಿಂದ ಬರುವವರಿಗೆ 72 ಗಂಟೆ ಒಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟ್, ದಿನಾ ಹೋಗಿಬರುವವರಿಗೆ 15 ದಿನಕ್ಕೊಮ್ಮೆ ಟೆಸ್ಟ್. ದಿನಾ ಅದೇ ಬಸ್ಸಲ್ಲಿ ಹೋಗುವ ಹುಡುಗಿಯರ ಮುಖ ಗೊತ್ತಿದ್ದ ಪೊಲೀಸ್ರು ಕೈಬೀಸಿ ಬಿಡ್ತಿದ್ರು, ಡ್ಯೂಟಿ ಬದಲಾಗಿ ಹೊಸಬರು ಬಂದ ದಿನ ಬಸ್ಸಿಂದ ಇಳಿಸಿ ಸಾಲಲ್ಲಿ ನಿಲ್ಲಿಸುದು. ಹೊಸಬರ ಹತ್ರ ತುಳುವಲ್ಲೋ ಕನ್ನಡದಲ್ಲೋ ಮೆಲ್ಲ ಮಾತಾಡಿದ್ರೆ ಅರ್ಧ ಕೆಲಸ ಆದ ಹಾಗೆ.

ಕಾನೂನು ಕೂಡ ಸ್ವಲ್ಪ ತಿಳ್ಕೊಳ್ಳಿ. ಪೊಲೀಸ್ರು ತಡೀಬಹುದು, ದಂಡ ಹಾಕ್ಲಿಕ್ಕೆ ಅಧಿಕಾರ ಕೊಟ್ಟಿದ್ರೆ ರಸೀದಿ ಕೊಟ್ಟು ದಂಡ ಹಾಕ್ಬಹುದು, ಕೇಸ್ ಮಾಡ್ಬಹುದು, ಲಾಠಿಯಲ್ಲಿ ಹೊಡ್ದು ಬಸ್ಕಿ ಹೊಡೆಸ್ಲಿಕ್ಕೆ ಯಾವ ಆರೋಗ್ಯ ಆದೇಶದಲ್ಲೂ ಇಲ್ಲ. ಸರ್ಕಾರಿ ಆದೇಶ ಮೀರಿದವರ ಮೇಲೆ ಹಾಕುವ ಕಲಮು ಆಗಿನ ಐಪಿಸಿ 188, ಈಗ ಬಿಎನ್‌ಎಸ್ 223, ಇದರಲ್ಲಿ ಕೋರ್ಟ್ ವಿಚಾರಣೆಗೆ ತಕೊಳ್ಬೇಕಾದ್ರೆ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರ ಲಿಖಿತ ದೂರು ಬೇಕು.

2023ರಲ್ಲಿ ಕೇರಳದ ಕೋಝಿಕ್ಕೋಡಲ್ಲಿ ನಿಪಾ ವೈರಸ್ ರೋಗ ಬಂದಾಗಲೂ ಗಡಿಯಲ್ಲಿ ತಪಾಸಣೆ ಶುರುವಾಯ್ತು, ರಸ್ತೆ ಮಾತ್ರ ಮುಚ್ಚಲಿಲ್ಲ. ನೀವು ಅಂಥಾ ಟೈಮಲ್ಲಿ ಬರುದಾದ್ರೆ ಎರಡೂ ಕಡೆಯ ಜಿಲ್ಲಾಧಿಕಾರಿಗಳ ಆದೇಶ ಮೊಬೈಲಲ್ಲಿ ಇಟ್ಕೊಳ್ಳಿ, ದಿನಾಂಕ ಸಮೇತ. ರೋಗಿ ಜೊತೆ ಇದ್ರೆ ಆಸ್ಪತ್ರೆ ಚೀಟಿ ಕೈಯಲ್ಲೇ ಇರ್ಲಿ.