ಜಿಮ್ನಿಗೆ ಲಿಫ್ಟ್ ಇಲ್ಲದೆ ದೊಡ್ಡ ಟೈರ್: 235 ಬೇಡ, 215 ಸಾಕು

ಸರ್, ಸಸ್ಪೆನ್ಷನ್ ಮುಟ್ಟದೆ ಮಾರುತಿ ಜಿಮ್ನಿಗೆ 235/75 ಆರ್15 ಟೈರ್ ಹಾಕಿಸಬಹುದಾ, ತೋಟದ ರಸ್ತೆಯಲ್ಲಿ ಅಡಿ ತಾಗೋದು ತಪ್ಪುತ್ತಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳೋದಾದರೆ ಅದು ಬೇಡ. 215/75 ಆರ್15 ಎ.ಟಿ. (ಆಲ್ ಟೆರೇನ್, ಡಾಂಬರು ಮಣ್ಣು ಎರಡಕ್ಕೂ ಆಗುವ) ಟೈರ್ ಹಾಕಿಸಿ.

ಲೆಕ್ಕ ನೋಡಿ. 235/75 ಆರ್15 ಅಂದರೆ ಟೈರಿನ ಅಗಲ 235 ಮಿ.ಮೀ., ಸೈಡ್‌ವಾಲ್ (ಪಕ್ಕದ ಗೋಡೆ) ಎತ್ತರ ಆ ಅಗಲದ ಶೇ 75, ರಿಮ್ ವ್ಯಾಸ 15 ಇಂಚು. ಕಂಪನಿ ಕೊಡುವ 195/80 ಆರ್15ರ ಎತ್ತರ 693 ಮಿ.ಮೀ. 215/75 ಸುಮಾರು 703, 235/75 ಸುಮಾರು 733. ಗಾಡಿ ಏಳೋದು ಈ ವ್ಯತ್ಯಾಸದ ಅರ್ಧ ಮಾತ್ರ, ಅಂದರೆ 5 ಅಥವಾ 20 ಮಿ.ಮೀ. 20 ಕಡಿಮೆಯಲ್ಲ, ಒಪ್ಪುತ್ತೇನೆ. ಜಿಮ್ನಿಯಲ್ಲಿ ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಗುಂಡನೆ ಡಬ್ಬಿ) ಕಲ್ಲಿಗೆ ತಾಗದಂತೆ ಎತ್ತೋದು ಟೈರ್ ಮಾತ್ರ. ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಕಿಟ್ ಹಾಕಿದರೆ ಬಾಡಿ ಏಳುತ್ತೆ, ಡಿಫರೆನ್ಷಿಯಲ್ ಅಲ್ಲೇ ಇರುತ್ತೆ. ಆದರೆ ಸ್ಟಾಕ್ (ಕಂಪನಿ ಕೊಟ್ಟ) ಸಸ್ಪೆನ್ಷನ್ ಮೇಲೆ ಆ 20 ಮಿ.ಮೀ. ದುಬಾರಿ ಬೀಳುತ್ತೆ.

ಮೊದಲ ತೊಂದರೆ ರಿಮ್. ಸ್ಟಾಕ್ ರಿಮ್ ಅಗಲ 5.5 ಇಂಚು. 235/75ಕ್ಕೆ ಕನಿಷ್ಠ 6 ಇಂಚು ಬೇಕು. ಕಿರಿದಾದ ರಿಮ್‌ಗೆ ತುರುಕಿದರೆ ಟ್ರೆಡ್ ನಡುವೆ ಉಬ್ಬಿ, ಅಲ್ಲೇ ಸವೆಯುತ್ತೆ, ತಿರುವಿನಲ್ಲಿ ಸೈಡ್‌ವಾಲ್ ಹೊರಳುತ್ತೆ. ಎರಡನೆಯದು ಉಜ್ಜಾಟ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಒಳ ಅಂಚು ಮುಂದಿನ ಆಕ್ಸಲ್ ಹಿಡಿದಿರುವ ಉದ್ದದ ಆರ್ಮ್‌ಗೆ ತಾಗುತ್ತೆ. ಚಕ್ರ ಹೊರಗೆ ತಳ್ಳೋಣ ಅಂತ ಸ್ಪೇಸರ್ (ಚಕ್ರದ ಹಿಂದೆ ಕೂರಿಸುವ ದಪ್ಪ ಬಿಲ್ಲೆ) ಹಾಕಿದರೆ ಬಂಪರ್ ಮೂಲೆಗೆ, ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ತಾಗುತ್ತೆ. ಸ್ಪೇಸರ್ ಸಹವಾಸವೇ ಬೇಡ.

ಮೂರನೆಯದು ಎಂಜಿನ್. 134 ನ್ಯೂಟನ್ ಮೀಟರ್ ಟಾರ್ಕ್‌ನ ಗಾಡಿ. ವ್ಯಾಸ ಸುಮಾರು ಶೇ 6 ಹೆಚ್ಚಾದರೆ ಎಲ್ಲ ಗೇರೂ ಅಷ್ಟೇ ಉದ್ದವಾಗುತ್ತೆ, ಜೊತೆಗೆ ಟೈರಿನ ಭಾರ. ಘಾಟಿಯಲ್ಲಿ ಒಂದು ಗೇರ್ ಕೆಳಗೇ ಓಡಿಸಬೇಕಾಗುತ್ತೆ, ಬ್ರೇಕಿಗೂ ಕೆಲಸ ಹೆಚ್ಚು. ಮೀಟರ್ 100 ತೋರಿಸುವಾಗ ಹಳೇ ಟೈರಿಗಿಂತ ಶೇ 6ರಷ್ಟು ಜಾಸ್ತಿ ವೇಗ ಇರುತ್ತೆ. 215ರಲ್ಲಿ ಈ ವ್ಯತ್ಯಾಸ ಶೇ 1.5 ಮಾತ್ರ, ಗೊತ್ತೇ ಆಗಲ್ಲ.

ಕೊಳ್ಳುವಾಗ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನುವ ಸಂಖ್ಯೆ) 96ಕ್ಕಿಂತ ಕಡಿಮೆ ಇರಬಾರದು. ಸೈಡ್‌ವಾಲ್ ಮೇಲಿನ ಡಿ.ಒ.ಟಿ. (DOT) ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಐದೂ ಒಂದೇ ಸೈಜ್, ಒಂದೇ ಪ್ಯಾಟರ್ನ್ ಇರಲಿ. ಸ್ಟೆಪ್ನಿ ಹಳೆಯದನ್ನೇ ಉಳಿಸಿಕೊಂಡು, ಪಂಕ್ಚರ್ ಆದಾಗ ಅದನ್ನು ಹಾಕಿ ಫೋರ್ ವೀಲ್ ಹಾಕಿದರೆ ಹಿಂದೆ ಮುಂದೆ ಸುತ್ತು ಹೊಂದದೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಬಿಗಿದುಕೊಳ್ಳುತ್ತೆ.

ಫಿಟ್ ಮಾಡಿಸುವಾಗ ವಾಲ್ವ್ ಹೊಸದು ಹಾಕಿಸಿ. ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ 100 ನ್ಯೂಟನ್ ಮೀಟರ್‌ಗೆ ಬಿಗಿಸಿ, 100 ಕಿ.ಮೀ. ಒಳಗೆ ಮತ್ತೊಮ್ಮೆ ನೋಡಿ. ನಟ್ ಬಿಗಿಸುವ ಏರ್ ಗನ್ ಹಿಡಿದು ಬಿಗಿದು ಕಳಿಸೋಕೆ ಬಿಡಬೇಡಿ. ಬ್ಯಾಲೆನ್ಸಿಂಗ್‌ನಲ್ಲಿ ರಾಜಿ ಬೇಡವೇ ಬೇಡ: ಮುಂದೆಯೂ ಗಟ್ಟಿ ಆಕ್ಸಲ್ ಇರುವುದರಿಂದ ಸ್ವಲ್ಪ ಹೆಚ್ಚುಕಮ್ಮಿ ಆದರೂ 60–80ರ ವೇಗದಲ್ಲಿ ಸ್ಟಿಯರಿಂಗ್ ಅದುರುತ್ತೆ. ಬ್ಯಾಲೆನ್ಸ್, ಗಾಳಿ ಎರಡೂ ಸರಿಯಿದ್ದೂ ಅದುರಿದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಬೇರಿಂಗ್ ನೋಡಿಸಿ. ಅಲೈನ್‌ಮೆಂಟ್‌ನಲ್ಲಿ ಇಲ್ಲಿ ಹೊಂದಿಸಲು ಬರೋದು ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ಒಂದೇ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಸರಿ ಮಾಡಿದ್ದೇವೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಅಂಗಡಿ ಬಿಡುವ ಮುಂಚೆ ಉಜ್ಜುತ್ತಾ ಅಂತ ಪರೀಕ್ಷಿಸಿ. ಸಮತಟ್ಟು ನೆಲದಲ್ಲಿ ತಿರುಗಿಸಿ ನೋಡಿದರೆ ಸಾಲದು. ಮುಂದಿನ ಒಂದು ಚಕ್ರವನ್ನು ರ‍್ಯಾಂಪ್ ಹತ್ತಿಸಿ, ಸ್ಪ್ರಿಂಗ್ ಅಮುಕಿದಾಗ ಎರಡೂ ಕಡೆ ಪೂರ್ತಿ ತಿರುಗಿಸಿ. ಟೈರ್ ಅಂಚಿಗೆ ಸೀಮೆಸುಣ್ಣ ಹಚ್ಚಿಟ್ಟರೆ ತಾಗಿದ ಕಡೆ ಗುರುತು ಬೀಳುತ್ತೆ. ರಿವರ್ಸ್‌ನಲ್ಲೂ ಮಾಡಿ.

ಟೈರ್ ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ವಾರಂಟಿ ಮುಗಿಯುವ ತನಕ ಹಳೆ ಟೈರ್ ಮಾರಬೇಡಿ.

ಇನ್ನು ಮಳೆಗಾಲದ ಕೆಸರಿಗೆ 18–20 ಪಿಎಸ್ಐಗೆ ಗಾಳಿ ಇಳಿಸಿ, ನಿಧಾನವಾಗಿ ಓಡಿಸಿ. ಗಾಳಿ ಇಳಿಸಿದಾಗ ಸಿಗುವ ಹಿಡಿತ 235ರ ಎತ್ತರದಿಂದ ಬರಲ್ಲ. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಡಾಂಬರಿಗೆ ಬರುವ ಮೊದಲು ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟು ಗಾಳಿ ತುಂಬಿಸಿಕೊಳ್ಳಿ.