ಅಪ್ಪ 2003ರಲ್ಲಿ ತೀರಿಕೊಂಡರು, ಪಹಣಿ ಅಣ್ಣನ ಹೆಸರಿನಲ್ಲಿದೆ. ಪಿತ್ರಾರ್ಜಿತ ಜಮೀನಿನಲ್ಲಿ ಮದುವೆಯಾದ ನನಗೆ ಪಾಲು ಇದೆಯಾ?

ಇದೆ, ಅಣ್ಣನಷ್ಟೇ. ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಮದುವೆಯೂ ಅಡ್ಡಿಯಲ್ಲ.

ಮೊದಲು ನೋಡಬೇಕಾದ್ದು: 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಜಮೀನು ಮಾರಾಟವಾಗಿತ್ತಾ, ಇಲ್ಲವೇ ನೋಂದಣಿ ಪತ್ರ ಅಥವಾ ಕೋರ್ಟ್ ಡಿಕ್ರಿ ಮೂಲಕ ಭಾಗವಾಗಿತ್ತಾ? ಹಾಗಿದ್ದರೆ ಈ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ. ಸುಮ್ನೆ ಬಾಯಿಮಾತಿನಲ್ಲಿ ಆದ ಭಾಗ ಸಾಮಾನ್ಯವಾಗಿ ನಿಲ್ಲದು.

ಪಹಣಿಯಲ್ಲಿ ಹೆಸರಿಲ್ಲ ಅಂತ ಹಕ್ಕು ಹೋಗಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಆದರೆ "ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ, ಬಂದು ಸೈನ್ ಹಾಕಮ್ಮ" ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದರೆ ಹುಷಾರು. ಅದು ಹಕ್ಕು ಬಿಡುಗಡೆ ಪತ್ರ, ಅಂದರೆ ನಿಮ್ಮ ಪಾಲನ್ನು ಬಿಟ್ಟುಕೊಡುವ ಪತ್ರವಾಗಿರಬಹುದು. ಓದದೆ ಸಹಿ ಹಾಕಬೇಡಿ.